ಸೋರುವ ಕಿವಿ: ಬೇನೆ ಬರುವುದು ಮೂಗಿನ ದಾರಿಯಿಂದ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ವಿಲಿಯಂ ವೈಲ್ಡ್ ಎಂಬ ವೈದ್ಯನಿದ್ದ. ಕಣ್ಣು ಮತ್ತು ಕಿವಿಯ ಚಿಕಿತ್ಸೆಯಲ್ಲಿ ಆತನದು ದೊಡ್ಡ ಹೆಸರು. ಕಿವಿಯ ರೋಗಗಳನ್ನು ಕುರಿತು 1853ರಲ್ಲಿ ಆತ ಒಂದು ಗ್ರಂಥವನ್ನೇ ಬರೆದ. ಕಿವಿಯಿಂದ ಕೀವು ಸೋರುತ್ತಿರುವಷ್ಟು ಕಾಲ ಆ ರೋಗ ಎಲ್ಲಿಗೆ ಹೋಗಿ ಮುಟ್ಟೀತು, ಯಾವಾಗ ಹೇಗೆ ಮುಗಿದೀತು ಎಂದು ಯಾರೂ ಹೇಳಲಾರರು ಎಂಬುದು ಆತ ತನ್ನ ಕಾಲದ ವೈದ್ಯರಿಗೆ ಕೊಟ್ಟ ಎಚ್ಚರಿಕೆ. ವಿಲಿಯಂ ವೈಲ್ಡ್ 1876ರಲ್ಲಿ ತೀರಿಕೊಂಡ.

ಆತನ ಮಗ ಆಸ್ಕರ್ ವೈಲ್ಡ್, ಇಂಗ್ಲಿಷಿನ ಪ್ರಸಿದ್ಧ ನಾಟಕಕಾರ. 1895ರಲ್ಲಿ ಈತ ಎರಡು ವರ್ಷಗಳ ಕಠಿಣ ಸಜೆಗೆ ಗುರಿಯಾದ. ಮರುವರ್ಷ ಜುಲೈನಲ್ಲಿ ಸೆರೆಮನೆಯಿಂದ ಗೃಹಮಂತ್ರಿಗೆ ಬರೆದ ಅರ್ಜಿಯಲ್ಲಿ, ತನ್ನ ಬಲಗಿವಿಯಲ್ಲಿ ಕೀವುಗಟ್ಟಿ ತಮಟೆ ತೂತಾಗಿದೆ, ಆ ಕಿವಿ ಬಹುಮಟ್ಟಿಗೆ ಕೇಳಿಸದೇ ಹೋಗಿದೆ ಎಂದು ತೋಡಿಕೊಂಡಿದ್ದ. ಬಿಡುಗಡೆಯಾದ ಮೇಲೂ ಕಿವಿ ವಾಸಿಯಾಗಲಿಲ್ಲ. 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೋಟೆಲಿನ ಕೋಣೆಯಲ್ಲೇ ಆ ಕಿವಿಗೆ ಶಸ್ತ್ರಚಿಕಿತ್ಸೆ ನಡೆಯಿತು. ನವೆಂಬರ್ 30ರಂದು, 46ನೆಯ ವಯಸ್ಸಿನಲ್ಲಿ, ಆತ ಸತ್ತ. ಕಿವಿಯ ಸೋಂಕು ಮಿದುಳಿನ ಪೊರೆಗೆ ಹಬ್ಬಿದ್ದೇ ಸಾವಿಗೆ ಕಾರಣ ಎಂದು ಇಂದು ಈ ವಿಷಯವನ್ನು ಪರಿಶೀಲಿಸಿದ ಅನೇಕ ವೈದ್ಯರು ಹೇಳುತ್ತಾರೆ. ಯಾವ ರೋಗದ ಬಗೆಗೆ ತಂದೆ ಲೋಕವನ್ನೆಲ್ಲ ಎಚ್ಚರಿಸಿದ್ದನೋ ಅದೇ ರೋಗ ಮಗನನ್ನು ತೆಗೆದುಕೊಂಡು ಹೋಯಿತು.

ಈ ಕಥೆಯನ್ನು ಇಲ್ಲಿ ನೆನಪಿಸುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಕಿವಿ ಸೋರುವ ಮಗುವನ್ನು ಕಂಡಾಗ ಹಿರಿಯರು ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಮಕ್ಕಳಿಗೆ ಕಿವಿ ಸೋರೋದು ಇದ್ದದ್ದೇ. ದೊಡ್ಡವನಾದ ಮೇಲೆ ತಾನೇ ಹೋಗುತ್ತೆ ಬಿಡು.” ಇಷ್ಟು ಹೇಳಿ ಎರಡು ತೊಟ್ಟು ಎಣ್ಣೆ ಬಿಟ್ಟು, ಮೇಲೊಂದು ಹತ್ತಿಯ ಉಂಡೆ ತುರುಕಿದರೆ ಚಿಕಿತ್ಸೆ ಮುಗಿಯಿತು. ಒಂದು ಸಮುದಾಯದ ಮಕ್ಕಳಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿಗೆ ಬಹುಕಾಲದ ಸೋರುಗಿವಿ ಇದ್ದರೆ ಅದನ್ನು ಕೂಡಲೇ ಗಮನ ಕೊಡಬೇಕಾದ ದೊಡ್ಡ ಆರೋಗ್ಯ ಸಮಸ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. 2004ರಲ್ಲಿ ಅದು ಪ್ರಕಟಿಸಿದ ವರದಿಯಲ್ಲಿ ಭಾರತ ಇದ್ದದ್ದು ಈ ವರ್ಗದಲ್ಲೇ. ‘ಇದ್ದದ್ದೇ’ ಎಂದು ನಾವು ಬಿಟ್ಟುಬಿಡುವ ಕಾಯಿಲೆ ನಿಜಕ್ಕೂ ಏನು, ಅದು ಎಲ್ಲಿಂದ ಬರುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಕಿವಿಯ ಒಳಗೆ ಹೋಗಿ ನೋಡಬೇಕು.

ಕಿವಿಯ ಹಿತ್ತಲ ಬಾಗಿಲು

ಕಿವಿಯೆಂದರೆ ನಮ್ಮ ಕಣ್ಣಿಗೆ ಕಾಣುವ ಹಾಲೆ ಮತ್ತು ಅದರೊಳಗಿನ ತೂತು ಮಾತ್ರವಲ್ಲ. ಅದರಲ್ಲಿ ಮೂರು ಭಾಗಗಳಿವೆ. ಹಾಲೆಯಿಂದ ತಮಟೆಯವರೆಗಿನದು ಹೊರಗಿವಿ. ತಮಟೆ ಎಂಬುದು ಸೊನ್ನೆ ಆಕಾರದ ತೆಳುವಾದ ಪೊರೆ. ಅದರ ಆಚೆಗೆ ಒಂದೆರಡು ಮಿಲಿಲೀಟರ್ ಗಾಳಿಯಷ್ಟೇ ಹಿಡಿಸುವ ಪುಟ್ಟ ಕೋಣೆಯಿದೆ. ಇದೇ ನಡುಗಿವಿ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ನಾವು ಶಾಲೆಯಲ್ಲಿ ಓದಿದ ಮೂರು ಪುಟ್ಟ ಎಲುಬುಗಳು ಇಲ್ಲಿವೆ. ತಮಟೆಯ ಕಂಪನವನ್ನು ಒಳಕ್ಕೆ ಸಾಗಿಸುವುದು ಅವುಗಳ ಕೆಲಸ. ಅದರಾಚೆಗೆ ಶಬ್ದವನ್ನು ನರದ ಸಂದೇಶವಾಗಿ ಬದಲಾಯಿಸುವ ಒಳಗಿವಿ ಇದೆ. ಮಕ್ಕಳಿಗೆ ಬರುವ ಕಿವಿನೋವಿನಲ್ಲಿ ಬಹುಪಾಲು ನಡುಗಿವಿಯ ಬೇನೆ.

ತಮಟೆ ಹೊರಗಿನ ದಾರಿಯನ್ನು ಪೂರ್ತಿ ಮುಚ್ಚಿರುತ್ತದೆ. ಹಾಗಿದ್ದರೆ ನಡುಗಿವಿಗೆ ರೋಗಾಣು ಹೋಗುವುದು ಎಲ್ಲಿಂದ? ಈ ಕೋಣೆಗೆ ಒಂದು ಹಿತ್ತಲ ಬಾಗಿಲಿದೆ. ಮೂಗಿನ ಹಿಂಭಾಗ ಗಂಟಲನ್ನು ಸೇರುವ ಜಾಗದಿಂದ ಒಂದು ಸಣ್ಣ ನಾಳ ಹೊರಟು ನಡುಗಿವಿಯನ್ನು ತಲುಪುತ್ತದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟೇಷಿ 1562ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ. ಅವನ ಹೆಸರಿನಿಂದಲೇ ಇದಕ್ಕೆ ಯುಸ್ಟೇಷಿಯನ್ ನಾಳ ಎಂಬ ಹೆಸರು ಬಂದಿತು.

ಈ ನಾಳ ಇರುವುದು ಕಿವಿಗೆ ಗಾಳಿಯಾಡಲು. ಆಗುಂಬೆಯ ಘಾಟಿಯನ್ನೋ ಚಾರ್ಮಾಡಿಯನ್ನೋ ಬಸ್ಸಿನಲ್ಲಿ ಇಳಿಯುವಾಗ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುವುದು ಎಲ್ಲರ ಅನುಭವ. ಹೊರಗಿನ ಗಾಳಿಯ ಒತ್ತಡ ಏರಿ, ಒಳಗಿನದು ಹಾಗೆಯೇ ಉಳಿದಾಗ ತಮಟೆ ಒಳಕ್ಕೆ ಒತ್ತಿಹೋಗುತ್ತದೆ. ಎಂಜಲು ನುಂಗಿದರೆ ಅಥವಾ ಆಕಳಿಸಿದರೆ ‘ಟಪ್’ ಎಂದು ಕಿವಿ ತೆರೆದುಕೊಳ್ಳುತ್ತದೆ. ಆಗ ತೆರೆದುಕೊಂಡದ್ದು ಈ ನಾಳವೇ. ನಡುಗಿವಿಯಲ್ಲಿ ಒಸರುವ ಲೋಳೆ ಗಂಟಲಿಗೆ ಹರಿದುಹೋಗುವುದೂ ಇದೇ ದಾರಿಯಿಂದ.

ದೊಡ್ಡವರಲ್ಲಿ ಈ ನಾಳ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದವಾಗಿದ್ದು, ಸುಮಾರು 45 ಡಿಗ್ರಿಯಷ್ಟು ಇಳಿಜಾರಾಗಿರುತ್ತದೆ. ಮೋರಿಗೆ ವಾಟ ಕೊಟ್ಟ ಹಾಗೆ. ಎಳೆಯ ಮಕ್ಕಳಲ್ಲಿ ಅದರ ಉದ್ದ ಇದರ ಅರ್ಧದಷ್ಟು. ಇಳಿಜಾರು ಹತ್ತು ಡಿಗ್ರಿ ಮಾತ್ರ, ಅಂದರೆ ಹೆಚ್ಚುಕಡಿಮೆ ಮಟ್ಟಸ. ಮೂಗು ಗಂಟಲಿನ ರೋಗಾಣುಗಳು ಕಿವಿಗೆ ಹತ್ತಲು ಇದಕ್ಕಿಂತ ಸಲೀಸಾದ ದಾರಿ ಬೇಕಿಲ್ಲ. ಸಾಲದ್ದಕ್ಕೆ ಮಕ್ಕಳಲ್ಲಿ ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಮೃದು ಗಂಟು ದೊಡ್ಡದಾಗಿದ್ದು, ನಾಳದ ಬಾಯಿಯ ಪಕ್ಕದಲ್ಲೇ ಕುಳಿತಿರುತ್ತದೆ. ಮಕ್ಕಳಿಗೆ ಕಿವಿನೋವು ಹೆಚ್ಚು, ದೊಡ್ಡವರಿಗೆ ಕಡಿಮೆ ಏಕೆ ಎಂಬುದಕ್ಕೆ ಇದೇ ಉತ್ತರ. ‘ದೊಡ್ಡವನಾದ ಮೇಲೆ ಹೋಗುತ್ತೆ’ ಎಂಬ ಅಜ್ಜಿಯ ಮಾತಿನಲ್ಲಿ ಸತ್ಯಾಂಶವಿರುವುದೂ ಇಷ್ಟರ ಮಟ್ಟಿಗೇ. ಮಗು ಬೆಳೆದಂತೆ ನಾಳ ಉದ್ದವಾಗಿ ವಾಟವಾಗುತ್ತದೆ, ಹೊಸ ಸೋಂಕು ಕಡಿಮೆಯಾಗುತ್ತದೆ. ಆದರೆ ಅಷ್ಟರೊಳಗೆ ಆಗಿಹೋದ ಹಾನಿ ಬೆಳೆದ ಮಾತ್ರಕ್ಕೆ ಸರಿಹೋಗುವುದಿಲ್ಲ.

ನೆಗಡಿಯಿಂದ ಕೀವಿನವರೆಗೆ

ರೋಗ ಶುರುವಾಗುವುದು ಸಾಮಾನ್ಯವಾಗಿ ನೆಗಡಿಯಿಂದ. ವೈರಸ್ಸಿನಿಂದ ಮೂಗಿನ ಒಳಪೊರೆ ಊದಿಕೊಂಡಾಗ ನಾಳದ ಬಾಯಿಯೂ ಊದಿ ಕಟ್ಟಿಕೊಳ್ಳುತ್ತದೆ. ನಡುಗಿವಿಯಲ್ಲಿದ್ದ ಗಾಳಿಯನ್ನು ಸುತ್ತಲಿನ ಪೊರೆ ಹೀರಿಕೊಳ್ಳುತ್ತದೆ. ಹೊಸ ಗಾಳಿ ಬರುವುದಿಲ್ಲ. ಆ ಜಾಗದಲ್ಲಿ ನೀರು ಒಸರಿ ನಿಲ್ಲುತ್ತದೆ. ನಿಂತ ನೀರಿನಲ್ಲಿ, ಮೂಗಿನಿಂದ ಹತ್ತಿಬಂದ ನ್ಯೂಮೋಕಾಕಸ್, ಹಿಮೋಫಿಲಸ್ ಮುಂತಾದ ಬ್ಯಾಕ್ಟೀರಿಯಗಳು ಬೆಳೆದರೆ ನೀರು ಕೀವಾಗುತ್ತದೆ. ಕೀವು ಹೆಚ್ಚಿದಂತೆ ತಮಟೆ ಹೊರಕ್ಕೆ ಉಬ್ಬುತ್ತದೆ. ಹಗಲೆಲ್ಲ ಮೂಗು ಸೋರಿಸಿಕೊಂಡು ಆಡಿಕೊಂಡಿದ್ದ ಮಗು ನಡುರಾತ್ರಿ ಚೀರಿ ಎದ್ದು ಕಿವಿ ಹಿಡಿದುಕೊಳ್ಳುವುದು ಆಗಲೇ. ಮಾತು ಬಾರದ ಕೂಸು ಕಿವಿಯನ್ನು ಎಳೆದುಕೊಳ್ಳುತ್ತದೆ, ಮೊಲೆ ಹಿಡಿದು ಒಂದು ಗುಟುಕು ಕುಡಿದು ಬಿಟ್ಟು ಅಳುತ್ತದೆ. ಜ್ವರ, ವಾಂತಿಯೂ ಬರಬಹುದು.

ಚಿಕಿತ್ಸೆಯಾಗದಿದ್ದರೆ ಕೆಲವು ಮಕ್ಕಳಲ್ಲಿ ತಮಟೆ ಒತ್ತಡ ತಾಳಲಾರದೆ ಒಂದೆಡೆ ಒಡೆಯುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ ಹಳದಿಯ ಕಲೆ. ವಿಚಿತ್ರವೆಂದರೆ ಆಗ ನೋವು ಥಟ್ಟನೆ ಇಳಿಯುತ್ತದೆ, ಮಗು ನಗುತ್ತದೆ. ಮನೆಯವರು “ಸೋರಿಹೋಯಿತು, ಇನ್ನು ವಾಸಿ” ಎಂದು ನೆಮ್ಮದಿಯಾಗುತ್ತಾರೆ. ಈ ನೆಮ್ಮದಿಯೇ ಎಷ್ಟೋ ಸಲ ಮುಂದಿನ ತೊಂದರೆಗೆ ಬೀಜ. ಹೀಗಾದ ಸಣ್ಣ ತೂತು ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ, ನಿಜ. ಕೆಲವರಲ್ಲಿ ಮುಚ್ಚುವುದಿಲ್ಲ. ಆಗ ಮುಂಬಾಗಿಲೂ ತೆರೆದಂತಾಗುತ್ತದೆ. ಸ್ನಾನದ ನೀರು, ಕೆರೆಯ ನೀರು, ಎಣ್ಣೆ, ಕೊಳೆಯ ಬೆರಳು ಎಲ್ಲವೂ ನೇರವಾಗಿ ನಡುಗಿವಿಗೆ ಸೋಂಕು ಒಯ್ಯುತ್ತವೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೋರುವ ಕಿವಿ ಹುಟ್ಟುವುದು ಹೀಗೆ.

ಅಮೆರಿಕದ ಬಾಸ್ಟನ್ ಪ್ರದೇಶದ ಮಕ್ಕಳನ್ನು ಹುಟ್ಟಿನಿಂದ ಗಮನಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂರು ವರ್ಷ ತುಂಬುವುದರೊಳಗೆ ನೂರಕ್ಕೆ 83 ಮಕ್ಕಳಿಗೆ ಒಮ್ಮೆಯಾದರೂ ನಡುಗಿವಿಯ ಸೋಂಕು ಬಂದಿತ್ತು. ಸಿರಿವಂತ ದೇಶದ ಮಕ್ಕಳಿಗೂ ಬೇನೆ ತಪ್ಪಿದ್ದಲ್ಲ. ಆದರೆ ಅಲ್ಲಿ ಅದು ವರ್ಷಗಟ್ಟಲೆ ಸೋರುವ ಕಿವಿಯಾಗಿ ಉಳಿಯುವುದು ಅಪರೂಪ. ಬಡತನ, ಇಕ್ಕಟ್ಟಾದ ಮನೆ, ಹೊಗೆ, ಅಪೌಷ್ಟಿಕತೆ, ದೂರದ ಆಸ್ಪತ್ರೆ ಇವು ಸೇರಿದ ಕಡೆ ಬಂದ ಬೇನೆ ಉಳಿದುಬಿಡುತ್ತದೆ.

ಹಿತ್ತಲ ಬಾಗಿಲನ್ನು ತಟ್ಟಿದವರು

ಕಿವಿಗೂ ಮೂಗಿಗೂ ಇರುವ ನಂಟು ನಮ್ಮ ಹಿಂದಿನವರಿಗೆ ತಿಳಿಯದ್ದೇನಲ್ಲ. ಸುಶ್ರುತ ಸಂಹಿತೆ 28 ಬಗೆಯ ಕರ್ಣರೋಗಗಳನ್ನು ಹೆಸರಿಸುತ್ತದೆ. ಕೀವು ಸೋರುವುದಕ್ಕೆ ಕರ್ಣಸ್ರಾವ ಎಂದು ಹೆಸರಿಟ್ಟು, ತಲೆಗೆ ಬಿದ್ದ ಪೆಟ್ಟು, ನೀರಿನಲ್ಲಿ ಮುಳುಗುವುದು, ಒಳಗಿನ ಕುರು ಹಣ್ಣಾಗುವುದು ಎಂದು ಕಾರಣಗಳನ್ನು ಹೇಳುತ್ತದೆ. ಕಿವಿಯ ಗುಗ್ಗೆ ಕರಗಿ ಮೂಗು ಬಾಯಿಗಳಿಗೆ ಇಳಿಯುವ ಇನ್ನೊಂದು ರೋಗವನ್ನೂ ಅದು ವರ್ಣಿಸುತ್ತದೆ.

ಯುರೋಪಿನಲ್ಲಿ ಈ ದಾರಿಯನ್ನು ಚಿಕಿತ್ಸೆಗೆ ಬಳಸಿಕೊಂಡ ಕಥೆ ಸ್ವಾರಸ್ಯವಾಗಿದೆ. ಮೂಗು ಬಾಯಿ ಮುಚ್ಚಿಕೊಂಡು ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುವ ಉಪಾಯವನ್ನು ವಿಮಾನದಲ್ಲಿ ಓಡಾಡುವವರು ಇಂದೂ ಮಾಡುತ್ತಾರೆ. 1704ರಲ್ಲಿ ಇಟಲಿಯ ವಲ್ಸಾಲ್ವಾ ಇದನ್ನು ಬರೆದಿಟ್ಟದ್ದು ಕಿವಿಯೊಳಗಿನ ಕೀವನ್ನು ಹೊರದೂಡುವುದಕ್ಕಾಗಿ. 1724ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನ ಅಂಚೆ ಅಧಿಕಾರಿ ಗಿಯೊ ಎಂಬಾತ, ವೈದ್ಯನಲ್ಲದಿದ್ದರೂ, ತನ್ನ ಕಿವುಡಿಗೆ ತಾನೇ ಮದ್ದು ಹುಡುಕಿದ. ಬಾಗಿದ ಲೋಹದ ಕೊಳವೆಯೊಂದನ್ನು ಬಾಯಿಯ ಮೂಲಕ ಮೂಗಿನ ಹಿಂಭಾಗಕ್ಕೆ ತೂರಿಸಿ, ನಾಳದ ಬಾಯಿಗೆ ನೀರು ಚಿಮ್ಮಿಸಿ, ಕಿವಿ ಕೇಳಿಸಿತೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ವರದಿ ಒಪ್ಪಿಸಿದ.

1801ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ಇನ್ನೊಂದು ಕಡೆಯಿಂದ ಪ್ರಯತ್ನಿಸಿದ. ಹಿತ್ತಲ ಬಾಗಿಲು ತೆರೆಯದಿದ್ದರೆ ಮುಂದಿನ ಗೋಡೆಯಲ್ಲಿ ಕಿಂಡಿ ಕೊರೆದರಾಯಿತು ಎಂದು ತಮಟೆಯಲ್ಲಿ ಸಣ್ಣ ತೂತು ಮಾಡಿದ. ಕೇಳಿಸತೊಡಗಿತು, ಆದರೆ ತೂತು ಬೇಗ ಮುಚ್ಚಿಕೊಂಡಿತು. ಇದಕ್ಕೆ ಬಾಳುವ ಪರಿಹಾರ ಬಂದದ್ದು ಸುಮಾರು ಒಂದೂವರೆ ಶತಮಾನದ ಮೇಲೆ. 1954ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ ಆ ತೂತಿನಲ್ಲಿ ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಕೂರಿಸಿದ. ಗ್ರಾಮೆಟ್ ಎಂದು ಇಂದು ನಮ್ಮ ಕಿವಿ ವೈದ್ಯರು ಮಕ್ಕಳಿಗೆ ಹಾಕುವುದು ಇದರ ವಂಶದ್ದನ್ನೇ.

ಆದರೆ ಕೀವು ಎಲುಬಿಗೆ ಇಳಿದರೆ? ಕಿವಿಯ ಹಿಂದೆ ಮುಟ್ಟಿದರೆ ಸಿಗುವ ಗಟ್ಟಿ ಎಲುಬು ಒಳಗೆ ಜೇನುಗೂಡಿನಂತಿದ್ದು ನಡುಗಿವಿಗೆ ಕೂಡಿಕೊಂಡಿದೆ. ಅದರಾಚೆ ಇರುವುದು ಮಿದುಳು. 1873ರಲ್ಲಿ ಜರ್ಮನಿಯ ಶ್ವಾರ್ಟ್ಸ್ ಈ ಎಲುಬನ್ನು ಕೊರೆದು ಕೀವು ತೆಗೆಯುವ ಕ್ರಮವನ್ನು ನೆಲೆಗೊಳಿಸಿದ. 1930 ಮತ್ತು 40ರ ದಶಕಗಳಲ್ಲಿ ಸಲ್ಫಾ ಔಷಧಗಳೂ ಪೆನಿಸಿಲಿನ್ನೂ ಬಂದಮೇಲೆ ಆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬಹಳ ಕಡಿಮೆಯಾಯಿತು. ಆಸ್ಕರ್ ವೈಲ್ಡ್ ಕಾಲದಲ್ಲಿ ಕೊಲ್ಲುತ್ತಿದ್ದ ರೋಗ, ಹೊತ್ತಿಗೆ ಸರಿಯಾಗಿ ಕಂಡರೆ, ಇಂದು ಊರಿನ ಆರೋಗ್ಯ ಕೇಂದ್ರದಲ್ಲೇ ವಾಸಿಯಾಗುವಂಥದು.

ನೋವಿಲ್ಲದ ಕಿವುಡು

ಕೀವು, ನೋವು, ಜ್ವರ ಇವು ಕೂಗಿ ಕರೆಯುವ ಲಕ್ಷಣಗಳು. ಇನ್ನೊಂದು ಬಗೆ ಸದ್ದಿಲ್ಲದ್ದು. ಸೋಂಕು ಇಳಿದ ಮೇಲೂ ನಡುಗಿವಿಯಲ್ಲಿ ನಿಂತ ನೀರು ಬತ್ತದೆ, ಗೋಂದಿನಂತೆ ಗಟ್ಟಿಯಾಗಿ ಉಳಿಯುವುದುಂಟು. ನೋವಿಲ್ಲ, ಸೋರುವುದಿಲ್ಲ. ಹೊರಗಿನಿಂದ ನೋಡಿದರೆ ಕಿವಿ ಸರಿಯಾಗಿಯೇ ಇದೆ. ಆದರೆ ಎಲುಬುಗಳು ಅಂಟಿನಲ್ಲಿ ಸಿಕ್ಕಂತಾಗಿ ಶಬ್ದ ಮಂಕಾಗುತ್ತದೆ. ಎಷ್ಟೆಂದರೆ, ನಾವು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೇಳಿದಷ್ಟು. ಕೂಗಿದರೆ ಕೇಳಿಸುತ್ತದೆ. ಮೆಲ್ಲಗೆ ಆಡಿದ್ದು, ದೂರದಿಂದ ಹೇಳಿದ್ದು ಕೇಳಿಸುವುದಿಲ್ಲ. ಕಟ್ಟೆ, ತಟ್ಟೆ, ಪಟ್ಟೆ ಮೂರೂ ಒಂದೇ ಆಗಿ ಕೇಳಿಸುತ್ತವೆ.

ಇಂಥ ಮಗು ಕಿವುಡೆಂದು ಯಾರಿಗೂ ಹೊಳೆಯುವುದಿಲ್ಲ. “ಕರೆದರೆ ತಿರುಗಿ ನೋಡಲ್ಲ, ಬಲು ಮೊಂಡ” ಎನ್ನುತ್ತಾಳೆ ತಾಯಿ. “ಪಾಠದ ಕಡೆ ಗಮನವೇ ಇಲ್ಲ” ಎನ್ನುತ್ತಾರೆ ಮೇಷ್ಟರು. ಮೊದಲ ನಾಲ್ಕೈದು ವರ್ಷಗಳಲ್ಲಿ ಮಗು ಮಾತು ಕಲಿಯುವುದೇ ಕೇಳಿಸಿಕೊಂಡು. ಆ ಹೊತ್ತಿನಲ್ಲಿ ತಿಂಗಳುಗಟ್ಟಲೆ ಮಂಕಾಗಿ ಕೇಳಿಸಿದರೆ ಮಾತು ತಡವಾಗಬಹುದು, ಉಚ್ಚಾರ ಕೆಡಬಹುದು. ಬಳಿಕ ಕಾಗುಣಿತವೂ ಓದೂ ಹಿಂದೆ ಬೀಳುತ್ತವೆ. ಕಿವಿ ಹಿಂಡಿಸಿಕೊಳ್ಳುವ ಎಷ್ಟು ಮಕ್ಕಳ ಕಿವಿಯಲ್ಲೇ ದೋಷವಿದೆಯೋ! ಇನ್ನು ಕೆನ್ನೆಗೆ, ಕಿವಿಯ ಮೇಲೆ ಬಾರಿಸುವುದಂತೂ ಪೂರ್ತಿ ನಿಲ್ಲಬೇಕು. ಅಂಗೈ ಕಿವಿಯನ್ನು ಮುಚ್ಚುವಂತೆ ಬಿದ್ದ ಒಂದು ಏಟಿನಿಂದ, ಒಳಗಿನ ಗಾಳಿ ಒತ್ತಿ, ತಮಟೆ ಹರಿಯಬಲ್ಲದು.

ಟಿ.ವಿ.ಯ ಸದ್ದು ಪದೇ ಪದೇ ಹೆಚ್ಚಿಸುವುದು, ‘ಆಂ?’ ಎಂದು ಮತ್ತೆ ಮತ್ತೆ ಕೇಳುವುದು, ಮಾತಾಡುವವರ ತುಟಿಯನ್ನೇ ನೋಡುವುದು, ಸದಾ ಬಾಯಿ ತೆರೆದು ಉಸಿರಾಡುವುದು, ಮಲಗಿದಾಗ ಗೊರಕೆ ಇವು ಕಂಡರೆ ಮಗುವನ್ನು ಗದರಿಸುವ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ನಡುಗಿವಿಯ ಸೋಂಕೂ ಕೇಳಿಸದಿರುವುದೂ ಸೇರಿವೆ. ಕೇಳುವ ಶಕ್ತಿಯನ್ನು ಅಳೆಯುವ ವಿಷಯದಲ್ಲಂತೂ ಕನ್ನಡ ನಾಡಿಗೆ ಒಂದು ಭಾಗ್ಯವಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ.

ಎಣ್ಣೆ, ಕಡ್ಡಿ, ಒಳಲೆ

ಕಿವಿನೋವಿಗೆ ನಮ್ಮಲ್ಲಿ ಮನೆಮದ್ದುಗಳಿಗೆ ಕೊರತೆಯಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಸೊಪ್ಪಿನ ರಸ, ಕೆಲವೆಡೆ ಎದೆಹಾಲು ಕೂಡ. ಇವನ್ನು ಮಾಡಿದವರು ಪ್ರೀತಿಯಿಂದಲೇ ಮಾಡಿದರು. ಬೆಚ್ಚಗಿನ ಎಣ್ಣೆಯಿಂದ ಸ್ವಲ್ಪ ಹೊತ್ತು ಹಿತವೆನಿಸುವುದೂ ಸುಳ್ಳಲ್ಲ. ಆದರೆ ಕಿವಿಯ ರಚನೆ ತಿಳಿದ ಮೇಲೆ ನಾವೇ ಯೋಚಿಸಬಹುದು. ತಮಟೆ ಗಟ್ಟಿಯಾಗಿದ್ದರೆ ಬಿಟ್ಟ ಎಣ್ಣೆ ಅದರ ಈಚೆಗೇ ನಿಲ್ಲುತ್ತದೆ. ಬೇನೆ ಇರುವುದು ಆಚೆಗೆ. ತಮಟೆ ತೂತಾಗಿದ್ದರೆ ಎಣ್ಣೆ ಒಳಗೆ ಹೋಗುತ್ತದೆ, ಆದರೆ ಹೋಗಬಾರದು. ಅದರೊಂದಿಗೆ ಕೊಳೆಯೂ ರೋಗಾಣುವೂ ಹೋಗುತ್ತವೆ. ಎರಡು ಸಂದರ್ಭದಲ್ಲೂ ಎಣ್ಣೆಯಿಂದ ರೋಗಕ್ಕೆ ಪ್ರಯೋಜನವಿಲ್ಲ. ಮಳೆಗಾಲದ ಕರಾವಳಿ ಮಲೆನಾಡಿನಲ್ಲಂತೂ ಎಣ್ಣೆಯ ಜಿಡ್ಡು ನಿಂತ ತೇವದ ಕಿವಿಯಲ್ಲಿ ಬೂಸ್ಟು ಬೆಳೆಯಲು ಹದವಾಗುತ್ತದೆ.

ಬೆಂಕಿಕಡ್ಡಿ, ಹೇರ್‌ಪಿನ್ನು, ಪೆನ್ನಿನ ಮುಚ್ಚಳ, ಹತ್ತಿಕಡ್ಡಿ ಇವುಗಳಿಂದ ಗುಗ್ಗೆ ತೆಗೆಯುವ ಅಭ್ಯಾಸವೂ ಹಾಗೆಯೇ. ಗುಗ್ಗೆ ಕೊಳೆಯಲ್ಲ. ಧೂಳು, ನೀರು, ಹುಳುಗಳಿಂದ ಕಿವಿಯನ್ನು ಕಾಯುವ ಮೇಣ. ಸಾಮಾನ್ಯವಾಗಿ ಅದು ತಾನೇ ಮೆಲ್ಲಗೆ ಹೊರಬರುತ್ತದೆ. ಕಡ್ಡಿ ಹಾಕಿದರೆ ಅರ್ಧ ಹೊರಬಂದು ಅರ್ಧ ತಮಟೆಯತ್ತ ಒಳಕ್ಕೆ ಸೇರುತ್ತದೆ. ಚರ್ಮ ಗೀರಿ ಹೊರಗಿವಿಯಲ್ಲಿ ಹುಣ್ಣಾಗುತ್ತದೆ. ಮಗು ಥಟ್ಟನೆ ತಲೆ ತಿರುಗಿಸಿದರೆ ತಮಟೆಯೇ ಹರಿಯುತ್ತದೆ.

ಇನ್ನು ಕೂಸಿಗೆ ಹಾಲು ಕುಡಿಸುವ ರೀತಿ. ಚಾಚಿದ ಕಾಲಿನ ಮೇಲೆ ಮಗುವನ್ನು ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಬಾಯಿಗೆ ಹಾಲು ಹುಯ್ಯುವುದು ನಮ್ಮ ಹಳೆಯ ಪದ್ಧತಿ. ಮಲಗಿದ ಮಗುವಿನ ಬಾಯಿಗೆ ಬಾಟಲಿ ಕೊಟ್ಟು ತಾಯಿ ಕೆಲಸಕ್ಕೆ ಏಳುವುದು ಹೊಸ ಪದ್ಧತಿ. ಎರಡರಲ್ಲೂ ಮೂಗಿನ ಹಿಂಭಾಗಕ್ಕೆ ಉಕ್ಕಿದ ಹಾಲು ಮಟ್ಟಸವಾದ ನಾಳದೊಳಗೆ ಹರಿಯಬಹುದು. ತಲೆ ಎತ್ತರದಲ್ಲಿರುವಂತೆ ಮಗುವನ್ನು ತೋಳಿನ ಮೇಲೆ ಒರಗಿಸಿಕೊಂಡು ಕುಡಿಸಿದರೆ ಇದನ್ನು ತಪ್ಪಿಸಬಹುದು. ಎರೆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರ ವಾಸನೆ ನಮಗೆ ಬಾಣಂತಿ ಮನೆಯ ಸುಖದ ನೆನಪು. ಆದರೆ ಹೊಗೆ ಯಾವುದಾದರೂ ಎಳೆಯ ಮೂಗಿನ ಒಳಪೊರೆಗೆ ಹಿತವಲ್ಲ.

ತಡೆಯುವ ದಾರಿ

ಬೇನೆ ಮೂಗಿನ ದಾರಿಯಿಂದ ಬರುತ್ತದೆ ಎಂದಮೇಲೆ ಕಾವಲು ಹಾಕಬೇಕಾದದ್ದೂ ಅಲ್ಲೇ. ಮೊದಲ ಆರು ತಿಂಗಳು ತಾಯಿಯ ಹಾಲೊಂದನ್ನೇ ಕುಡಿದ ಮಕ್ಕಳಿಗೆ ಕಿವಿಯ ಸೋಂಕು ಕಡಿಮೆ ಎಂಬುದು ಹಲವು ದೇಶಗಳ ಅನುಭವ. ಮನೆಯೊಳಗೆ ಬೀಡಿ ಸಿಗರೇಟು ಸೇದುವುದರಿಂದ ಮಗುವಿನ ಕಿವಿ ಕೆಡುತ್ತದೆ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಆದರೆ ಇದು ಚೆನ್ನಾಗಿ ಸಿದ್ಧಪಟ್ಟ ವಿಷಯ. ಸೌದೆ ಒಲೆಯ ಮುಂದೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಅಡಿಗೆ ಮಾಡುವುದೂ ಒಳ್ಳೆಯದಲ್ಲ. ಕೈ ತೊಳೆಯುವ ಅಭ್ಯಾಸ ನೆಗಡಿಯನ್ನು ಕಡಿಮೆ ಮಾಡುತ್ತದೆ, ನೆಗಡಿ ಕಡಿಮೆಯಾದಷ್ಟೂ ಕಿವಿ ಕ್ಷೇಮ. ಸಿಂಬಳ ತೆಗೆಸುವಾಗ ಎರಡೂ ಹೊಳ್ಳೆ ಹಿಡಿದು ಬಲವಾಗಿ ಸೀನಿಸಬಾರದು. ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸೀನಿಸಬೇಕು.

ಲಸಿಕೆ ಇನ್ನೊಂದು ಕಾವಲು. ದಡಾರ ಬಂದ ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಕಿವಿಯ ಸೋಂಕು ತಗಲುತ್ತದೆ. ಆದ್ದರಿಂದ ದಡಾರದ ಚುಚ್ಚುಮದ್ದು ಕಿವಿಯ ಚುಚ್ಚುಮದ್ದೂ ಹೌದು. ನ್ಯೂಮೋಕಾಕಸ್ ವಿರುದ್ಧದ ಲಸಿಕೆಯನ್ನು ಸರ್ಕಾರ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಅದನ್ನು ಉಚಿತವಾಗಿ ಹಾಕುತ್ತಾರೆ. ಅದರ ಮುಖ್ಯ ಉದ್ದೇಶ ನ್ಯುಮೋನಿಯ ಮತ್ತು ಮಿದುಳಿನ ಪೊರೆಯ ಉರಿಯೂತವನ್ನು ತಡೆಯುವುದು. ಅದರಿಂದ ಕಿವಿಯ ಬೇನೆ ಪೂರ್ತಿ ನಿಲ್ಲದಿದ್ದರೂ ಸ್ವಲ್ಪಮಟ್ಟಿಗೆ ತಗ್ಗುತ್ತದೆ.

ಬೇನೆ ಬಂದಾಗ

ಕಿವಿನೋವೆಂದ ಕೂಡಲೇ ಎಲ್ಲ ಮಕ್ಕಳಿಗೂ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಎರಡು ವರ್ಷ ದಾಟಿದ, ಜ್ವರ ಹೆಚ್ಚಿಲ್ಲದ, ಕಿವಿ ಸೋರದ, ಅಲ್ಪಸ್ವಲ್ಪ ನೋವಿರುವ ಮಗುವಿನಲ್ಲಿ ನೋವಿಗೆ ಪ್ಯಾರಾಸೆಟಮಾಲ್ ಕೊಟ್ಟು ಎರಡು ಮೂರು ದಿನ ಕಾದುನೋಡಿ ಎಂದು ವೈದ್ಯರು ಹೇಳಬಹುದು. ಅನೇಕರಿಗೆ ಅಷ್ಟರಲ್ಲೇ ಗುಣವಾಗುತ್ತದೆ. ಇದನ್ನು ತೀರ್ಮಾನಿಸಬೇಕಾದವರು ಕಿವಿಯೊಳಗೆ ನೋಡಿದ ವೈದ್ಯರು, ಔಷಧದ ಅಂಗಡಿಯವರಲ್ಲ. ಆರು ತಿಂಗಳೊಳಗಿನ ಕೂಸಾದರೆ ಕಾಯದೆ ತೋರಿಸಬೇಕು. ಆಂಟಿಬಯಾಟಿಕ್ ಬರೆದುಕೊಟ್ಟರೆ ನೋವು ನಿಂತಿತೆಂದು ನಡುವೆ ಬಿಡಬಾರದು. ಅಣ್ಣನಿಗೆ ತಂದು ಉಳಿದದ್ದನ್ನು ತಮ್ಮನಿಗೆ ಕುಡಿಸಲೂಬಾರದು.

ಕಿವಿ ಸೋರುತ್ತಿದ್ದರೆ ಮೊದಲ ಕೆಲಸ ಅದನ್ನು ಒಣಗಿಸುವುದು. ಇದಕ್ಕೆ ನಮ್ಮ ಹೆಂಗಸರಿಗೆ ಚಿರಪರಿಚಿತವಾದ ವಿದ್ಯೆಯೊಂದು ಸಾಕು: ಬತ್ತಿ ಹೊಸೆಯುವುದು. ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯ ಚೂರನ್ನು ಬತ್ತಿಯಂತೆ ಹೊಸೆದು, ಕಿವಿಯ ಬಾಯಲ್ಲಿ ಮೆಲ್ಲಗೆ ಇಟ್ಟು, ಕೀವು ಹೀರಿದ ಮೇಲೆ ತೆಗೆದು ಎಸೆದು ಹೊಸದನ್ನು ಇಡಬೇಕು. ಬತ್ತಿ ಒಣಗಿ ಹೊರಬರುವವರೆಗೂ ಹೀಗೆ ಮಾಡಬೇಕು, ದಿನಕ್ಕೆ ಮೂರು ಸಲ. ಕಡ್ಡಿಗೆ ಸುತ್ತಿದ ಹತ್ತಿ ಬೇಡ. ಒಣಗಿಸಿದ ಮೇಲೆ ವೈದ್ಯರು ಕೊಟ್ಟ ಹನಿ ಹಾಕಿದರೆ ಅದು ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ತಲೆಗೆ ನೀರು ಹಾಕುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಡಬೇಕು. ಸ್ನಾನವಾದ ಕೂಡಲೇ ಅದನ್ನು ತೆಗೆದುಬಿಡಬೇಕು. ಕಿವಿ ವಾಸಿಯಾಗುವವರೆಗೆ ಈಜು ಬೇಡ.

ಎರಡು ವಾರ ದಾಟಿಯೂ ಸೋರುತ್ತಿದ್ದರೆ ಅದು ಬೇರೂರಿದ ರೋಗವೆಂದು ತಿಳಿದು ಕಿವಿ ಮೂಗು ಗಂಟಲು ತಜ್ಞರನ್ನು ಕಾಣಬೇಕು. ಮುಚ್ಚದೆ ಉಳಿದ ತಮಟೆಯ ತೂತಿಗೆ ದೇಹದ್ದೇ ತೆಳು ಪೊರೆಯಿಂದ ತೇಪೆ ಹಾಕುವ ಶಸ್ತ್ರಚಿಕಿತ್ಸೆ 1950ರ ದಶಕದಿಂದ ರೂಢಿಯಲ್ಲಿದೆ. ಕಿವಿಯ ಹಿಂದೆ ಊತ ಬಂದು ಹಾಲೆ ಮುಂದಕ್ಕೆ ಚಾಚಿದರೆ, ಸೋರುವ ಕೀವು ಕೊಳೆತ ನಾತ ಬೀರಿದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ತಲೆಸುತ್ತು, ತಡೆಯಲಾರದ ತಲೆನೋವು, ಕತ್ತು ಸೆಟೆಯುವುದು, ಫಿಟ್ಸ್, ಮಂಪರು ಇವುಗಳಲ್ಲಿ ಯಾವುದು ಕಂಡರೂ ಮರುದಿನದವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಕೀವು ಎಲುಬು ದಾಟಿ ಹೊರಟಿದೆ ಎಂಬ ಸೂಚನೆಗಳು ಇವು.

ಮಕ್ಕಳ ಕಿವುಡಿನಲ್ಲಿ ನೂರಕ್ಕೆ 60ರಷ್ಟನ್ನು ತಡೆಯಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಡೆಯಬಹುದಾದ ಕಾರಣಗಳಲ್ಲಿ ಸೋರುವ ಕಿವಿಯೂ ಒಂದು. ವಿಲಿಯಂ ವೈಲ್ಡ್ ಕಾಲದಲ್ಲಿ ಲಸಿಕೆಯಿರಲಿಲ್ಲ, ಪೆನಿಸಿಲಿನ್ ಇರಲಿಲ್ಲ, ತಮಟೆಗೆ ತೇಪೆ ಹಾಕುವ ವಿದ್ಯೆ ಇರಲಿಲ್ಲ. ಅವನ ಬಳಿ ಇದ್ದದ್ದು ಎಚ್ಚರಿಕೆಯೊಂದೇ. ನಮ್ಮ ಬಳಿ ಉಳಿದದ್ದೆಲ್ಲ ಇದೆ. ಮಗುವಿನ ದಿಂಬಿನ ಮೇಲೆ ಹಳದಿಯ ಕಲೆ ಕಂಡ ಬೆಳಿಗ್ಗೆ ‘ಇದ್ದದ್ದೇ ಬಿಡು’ ಎನ್ನದೆ, ಅಂದೇ ಆಸ್ಪತ್ರೆಯ ದಾರಿ ಹಿಡಿಯುವುದಷ್ಟೇ ಬಾಕಿ.